ಎಚ್.ಐ.ವಿ.ಗೆ ಲಸಿಕೆ ಏಕೆ ತಡವಾಯಿತು?

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳಸಾಪುರದ ನಮ್ಮ ಮನೆಗೆ ಬಂದಿದ್ದನು. ಚಹಾ ಕುಡಿಯುತ್ತ ಕೇಳಿದನು: “ಸರ್, ನಿಮ್ಮ ತೋಳಿನ ಮ್ಯಾಲ ಮೈಲಿ ಹಾಕಿದ ಗುರುತ ಐತಿ. ನನ್ನ ಬ್ಯಾನಿಗೂ ಅಂಥಾದೊಂದು ಯಾಕ ಬರಲಿಲ್ರೀ?” ಅವನ ಬೇನೆಯು ಎಚ್.ಐ.ವಿ.; ತಾಯಿಯಿಂದ ಜನ್ಮತಃ ಬಂದುದು. ನನಗೆ ಒಡನೆ ಉತ್ತರ ತೋಚಲಿಲ್ಲ. ಆ ಮೇಲೆ ಓದಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇನೆ.

ಲಸಿಕೆಯೆಂಬ ಮಾತು ಹೊಸದಲ್ಲ. ಚರಕಸಂಹಿತೆಯಲ್ಲಿ ಲಸೀಕಾ ಎಂದರೆ ತ್ವಚೆಯೊಳಗಿದ್ದು ಗಾಯವಾದಾಗ ಜಿನುಗುವ ನೀರು. ಹಿಂದೆ ಮೈಲಿಬೇನೆಯ ತಡೆಗಾಗಿ ಕರುವಿನ ಚರ್ಮದ ಮೇಲೆ ಬೊಕ್ಕೆಗಳನ್ನೆಬ್ಬಿಸಿ ಅವುಗಳ ರಸವನ್ನೇ ನಮ್ಮ ತೋಳಿಗೆ ಹಾಕುತ್ತಿದ್ದರಾದ್ದರಿಂದ ಹೆಸರು ಅರ್ಥಕ್ಕೆ ಒಪ್ಪಿತು. ಬೆಳಗಾವಿಯ ಟಿಳಕವಾಡಿಯಲ್ಲಿ ಆ ರಸವನ್ನು ಸಿದ್ಧಪಡಿಸುತ್ತಿದ್ದ ಸ್ಥಳಕ್ಕೆ ಇಂದಿಗೂ ವ್ಯಾಕ್ಸೀನ್ ಡಿಪೋ ಎಂದೇ ಹೆಸರುಂಟು.

ಪ್ಲೇಗಿನ ಕಥೆಯಂತೂ ನಮ್ಮ ಸೀಮೆಯದೇ. 1896ರಲ್ಲಿ ಮುಂಬಯಿಗೆ ಆ ಮಾರಿ ಬಂದಾಗ ಹಾಫ್‌ಕಿನ್ ಎಂಬ ವಿದ್ವಾಂಸರು ಕೆಲವೇ ತಿಂಗಳಲ್ಲಿ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನೇವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಮರುವರ್ಷವೇ ಅದು ಹುಬ್ಬಳ್ಳಿ, ಧಾರವಾಡ, ಗದಗುಗಳನ್ನು ಮುಟ್ಟಿತು. ಹುಬ್ಬಳ್ಳಿಯೊಂದರಲ್ಲಿಯೇ ಹತ್ತಾರು ಸಾವಿರ ಜನರು ಚುಚ್ಚಿಸಿಕೊಂಡರು. ಅದು ಪೂರ್ಣ ರಕ್ಷೆಯಲ್ಲ. ಆದರೂ ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಯಿತು.

ಹಾಗಾದರೆ 1983ರಲ್ಲಿ ಪ್ಯಾರಿಸ್ಸಿನ ಪಂಡಿತರು ಕಂಡುಹಿಡಿದ ಈ ವೈರಾಣುವಿಗೆ ನಾಲ್ವತ್ತು ವರ್ಷ ಕಳೆದರೂ ಲಸಿಕೆಯಿಲ್ಲದಿರುವದೇಕೆ? ಎರಡು ವರ್ಷಗಳಲ್ಲಿ ಪರೀಕ್ಷೆಗೆ ಸಿದ್ಧವಾದೀತೆಂದು 1984ರಲ್ಲಿ ಅಮೇರಿಕೆಯ ಆರೋಗ್ಯಮಂತ್ರಿಣಿಯೇ ಆಶೆಪಟ್ಟಿದ್ದರು!

ಲಸಿಕೆಯ ಕೆಲಸವು ವೈರಿಯ ಮುಖವನ್ನು ದೇಹದ ಕಾವಲುಗಾರರಿಗೆ ಮುಂಚಿತವಾಗಿ ತೋರಿಸಿಡುವದು. ಮೈಲಿ ಬಂದು ಬದುಕಿದವನಿಗೆ ಅದು ಸಾಮಾನ್ಯವಾಗಿ ಮತ್ತೆ ಬರುತ್ತಿರಲಿಲ್ಲ. ಪ್ರಕೃತಿಯೇ ಹಾಕಿಕೊಟ್ಟ ಆ ಮೇಲ್ಪಂಕ್ತಿಯನ್ನು ವೈದ್ಯರು ತಿದ್ದಿದರು. ಎಚ್.ಐ.ವಿ.ಯಲ್ಲಿ ಅಂಥ ಮೇಲ್ಪಂಕ್ತಿ ಇಲ್ಲವೆಂದೇ ಹೇಳಬಹುದು. ದೇಹವು ಸ್ವಬಲದಿಂದ ಅದನ್ನು ಪೂರ್ತಿ ಹೊರಹಾಕಿದ ಉದಾಹರಣೆಗಳು ಅತಿ ವಿರಳ. ಅದು ಹೊಗುವದು ಕಾವಲುಪಡೆಗೆ ಅಪ್ಪಣೆ ಕೊಡುವ ಬಿಳಿಯ ರಕ್ತಕಣಗಳನ್ನೇ. ಅವುಗಳ ವಂಶಲಿಪಿಯೊಳಗೆ ತನ್ನ ಲಿಪಿಯನ್ನು ಹೆಣೆದು ವರ್ಷಗಟ್ಟಲೆ ಮೌನವಾಗಿ ಕೂಡಬಲ್ಲದು. ಮೇಲಾಗಿ ತನ್ನ ಪ್ರತಿಯನ್ನು ಬರೆದುಕೊಳ್ಳುವಾಗ ತಪ್ಪುಗಳನ್ನು ಮಾಡುತ್ತ ಹೋಗುವದು. ಶಾಲೆಯಲ್ಲಿ ತಪ್ಪು ಬರೆದವನಿಗೆ ಗುಣಗಳು ಕಡಿಮೆ. ಈ ವೈರಾಣುವಿಗೆ ತಪ್ಪೇ ರಕ್ಷೆ. ಮುಖ ಬದಲಾದ ಕಳ್ಳನನ್ನು ಕಾವಲುಗಾರನು ಹೇಗೆ ಗುರುತಿಸಿಯಾನು?

ಯತ್ನಗಳೇನೋ ನಿಂತಿಲ್ಲ. ಥಾಯ್ಲಂಡದಲ್ಲಿ 16,000ಕ್ಕೂ ಹೆಚ್ಚು ಜನರು ಪಾಲುಗೊಂಡ ಪ್ರಯೋಗದ ಫಲವು 2009ರಲ್ಲಿ ಹೊರಬಂದಿತು: ಸೋಂಕು ಶೇಕಡಾ 31ರಷ್ಟು ಕಡಿಮೆ. ಅದನ್ನೇ ಸುಧಾರಿಸಿ ದಕ್ಷಿಣ ಆಫ್ರಿಕದಲ್ಲಿ 2016ರಲ್ಲಿ ಆರಂಭಿಸಿದ ಪ್ರಯೋಗವನ್ನು ಫಲ ಕಾಣದೆ 2020ರಲ್ಲಿ ನಿಲ್ಲಿಸಿದರು. ನಮ್ಮ ದೇಶದಲ್ಲಿಯೂ 2005ರಲ್ಲಿ ಪುಣೆಯಲ್ಲಿ, 2006ರಲ್ಲಿ ಚೆನ್ನೈಯಲ್ಲಿ ಚಿಕ್ಕ ಪ್ರಯೋಗಗಳು ನಡೆದವು. ಆರೋಗ್ಯವಂತರಾಗಿದ್ದೂ ಪರರಿಗಾಗಿ ತೋಳು ಚಾಚಿದ ಆ ಸ್ತ್ರೀಪುರುಷರ ಹೆಸರು ನಮಗೆ ತಿಳಿಯದು. ನನಗಂತೂ ಅವರು ವಂದ್ಯರು. 2022ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಆಶಾದಾಯಕವಾಗಿದೆ. ವೈರಾಣುವಿನ ನಾನಾ ರೂಪಗಳನ್ನು ಹಿಡಿಯಬಲ್ಲ ಪ್ರತಿಕಾಯಗಳಿಗೆ ಬೀಜರೂಪವಾದ ಕಣಗಳನ್ನು ಲಸಿಕೆಯು 36 ಜನರಲ್ಲಿ 35 ಜನರಿಗೆ ಎಚ್ಚರಿಸಿತು. ಬೀಜ ಮೊಳೆತಿದೆ, ಬೆಳೆ ಬಂದಿಲ್ಲ. ಬೇನೆಯಿದ್ದವರಿಗೆ ಗುಳಿಗೆಯನ್ನು ಬಿಡಿಸುವಂಥ ಚಿಕಿತ್ಸಕ ಲಸಿಕೆಯೂ ಇನ್ನೂ ಕೈಗೂಡಿಲ್ಲ.

ಲಸಿಕೆಯಲ್ಲದ ಒಂದು ಸೂಜಿಮದ್ದು ಮಾತ್ರ ಈ ನಡುವೆ ಬಂದಿದೆ, ಹೆಸರು ಲೆನಾಕಪಾವಿರ್. ದಕ್ಷಿಣ ಆಫ್ರಿಕ, ಯುಗಾಂಡಗಳ 2,134 ತರುಣಿಯರಿಗೆ ಆರು ತಿಂಗಳಿಗೊಮ್ಮೆ ಕೊಟ್ಟಾಗ ಒಬ್ಬಳಿಗೂ ಸೋಂಕು ತಗಲಲಿಲ್ಲವೆಂದು 2024ರಲ್ಲಿ ತಿಳಿದುಬಂದಿತು. ಆದರೆ ಇದು ದೇಹಕ್ಕೆ ಪಾಠ ಕಲಿಸದು. ಔಷಧವಿರುವವರೆಗೆ ಮಾತ್ರ ಕಾಯುವದು.

ನನ್ನ ವಿದ್ಯಾರ್ಥಿಯನ್ನು ಕಾಪಾಡಿದ್ದು ಗುಳಿಗೆ. 2003ರಲ್ಲಿ ಅವನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ತಂದೆ ತೀರಿಕೊಂಡನು. ಸುದ್ದಿ ಹಬ್ಬಿ, ಕೆಲವು ಪಾಲಕರು ಅವನನ್ನು ಬೇರೆ ಕೂಡ್ರಿಸಿರೆಂದರು. ಒಂದೇ ಲೋಟದಲ್ಲಿ ನೀರು ಕುಡಿದರೆ, ಕೂಡಿ ಕುಳಿತರೆ ಅದು ಹರಡದೆಂದು ನಾನು ಓದಿದ್ದೆನು. ಆದರೂ ಬಾಯಿ ತೆರೆಯಲಿಲ್ಲ. ಒಂದು ತಿಂಗಳು ಹುಡುಗನು ಬಾಗಿಲ ಹತ್ತಿರ ಒಬ್ಬನೇ ಕುಳಿತು, ಆ ಮೇಲೆ ಶಾಲೆಯನ್ನೇ ಬಿಟ್ಟನು. 2004ರ ಎಪ್ರಿಲ್ 1ರಿಂದ ಸರಕಾರವು ಈ ಔಷಧವನ್ನು ಪುಕ್ಕಟೆಯಾಗಿ ಕೊಡಲಾರಂಭಿಸಿತು. ಮುಂದೆ ಅವನಿಗೂ ದೊರೆಯಿತು. ನಿತ್ಯವೂ ತಪ್ಪದೆ ನುಂಗುವದರಿಂದ ಅವನ ರಕ್ತದಲ್ಲಿ ವೈರಾಣುವು ಪರೀಕ್ಷೆಗೆ ಕಾಣದಷ್ಟು ಕಡಿಮೆಯಾಗಿದೆ. ಹಾಗಿರುವವರೆಗೆ ಸಂಗದಿಂದ ಹೆಂಡತಿಗೆ ಹರಡದೆಂದು ವೈದ್ಯರ ನಿಶ್ಚಿತಾಭಿಪ್ರಾಯ. ಎಲ್ಲವನ್ನೂ ತಿಳಿದೇ ಕೈಹಿಡಿದವಳು ಆಕೆ. ಅವಳಿಗಾಗಲಿ ಮಗಳಿಗಾಗಲಿ ಸೋಂಕಿಲ್ಲ.

ಅವನ ಪ್ರಶ್ನೆಗೆ ಇಷ್ಟು ಉತ್ತರವನ್ನು ಹೇಳಿ, ಆ ಬಾಗಿಲ ಹತ್ತಿರದ ಜಾಗದ ಮಾತನ್ನು ನಾನೇ ತೆಗೆದೆನು. ಅವನು ನಕ್ಕು, “ಆ ಮಾತ ಬಿಡ್ರಿ ಸರ್, ಬರೋ ಜೂನದಾಗ ಮಗಳ ಹೆಸರ ಹಚ್ಚಬೇಕು, ನೀವೂ ಬರ್ರಿ” ಎಂದನು. ಹೋಗುವೆನೆಂದು ಹೇಳಿದ್ದೇನೆ.