ಗುಟ್ಟಿನ ಗುಳ್ಳೆಗಳು: ರೋಗವಲ್ಲದ 'ಗುಪ್ತರೋಗ'

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಂಥ ಊರಿನ ಹುಡುಗನೊಬ್ಬನಿಗೆ ಶಿಶ್ನದ ಚರ್ಮದ ಮೇಲೆ ರಾಗಿಕಾಳಿನಷ್ಟು ಗುಳ್ಳೆಗಳು ಕಂಡವೆನ್ನಿ. ಅಪ್ಪನಿಗೆ ಹೇಳಲಾರ, ಗೆಳೆಯರಲ್ಲೂ ಬಾಯಿಬಿಡಲಾರ. ಅವನನ್ನು ಕರೆಯುವುದು ಗೋಡೆಯ ಮೇಲಿನ 'ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ' ಎಂಬ ಬರಹ ಮಾತ್ರ. ಆದರೆ ಇಂಥ ಗುಳ್ಳೆ ಅನೇಕ ವೇಳೆ ರೋಗವೇ ಆಗಿರುವುದಿಲ್ಲ.

ನಮ್ಮ ಚರ್ಮದಲ್ಲಿ ಜಿಡ್ಡು ಒಸರುವ ಸಣ್ಣ ಗ್ರಂಥಿಗಳಿವೆ. ಸಾಮಾನ್ಯವಾಗಿ ಇವು ಕೂದಲಿನ ಬುಡಕ್ಕೆ ಅಂಟಿಕೊಂಡಿರುತ್ತವೆ. ತುಟಿ, ಶಿಶ್ನದಂಥ ಕಡೆ ಕೂದಲಿನ ನಂಟಿಲ್ಲದ ಗ್ರಂಥಿಗಳು ತಿಳಿಹಳದಿ ಚುಕ್ಕೆಗಳಾಗಿ ಕಾಣುತ್ತವೆ. 1896ರಲ್ಲಿ ಇವನ್ನು ವರ್ಣಿಸಿದ ಅಮೆರಿಕದ ಚರ್ಮವೈದ್ಯ ಜಾನ್ ಆಡಿಸನ್ ಫೋರ್ಡೈಸ್‌ ಹೆಸರೇ ಇವಕ್ಕೆ ನಿಂತಿದೆ. ಪ್ರಾಯ ಬಂದಾಗ ಹಾರ್ಮೋನುಗಳ ಪ್ರಭಾವದಿಂದ ಎದ್ದು ಕಾಣುತ್ತವೆ. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ಮದ್ದೂ ಬೇಕಿಲ್ಲ.

ಶಿಶ್ನದ ತಲೆಯ ಅಂಚಿನಲ್ಲಿ ಮುತ್ತು ಪೋಣಿಸಿದಂತೆ ಸಾಲಾಗಿರುವ ಗುಳ್ಳೆಗಳು ಬೇರೆ. ಇವನ್ನು ಇಂಗ್ಲೆಂಡಿನ ಅಂಗರಚನಾ ತಜ್ಞ ಎಡ್ವರ್ಡ್ ಟೈಸನ್ (1651–1708) ಹೆಸರಿನ ಗ್ರಂಥಿಗಳೆಂದು ಭಾವಿಸಿದ್ದುಂಟು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿ ಗ್ರಂಥಿಯೇ ಇಲ್ಲ. ಇರುವುದು ನಾರಿನ ಅಂಗಾಂಶ ಮತ್ತು ರಕ್ತನಾಳ. ಇವೂ ನಿರಪಾಯ.

ವೃಷಣಚೀಲದ ಚರ್ಮದಲ್ಲಿ ಬಟಾಣಿಯಂಥ ಗಟ್ಟಿ ಗಂಟುಗಳೂ ಏಳುವುದುಂಟು. ಇವನ್ನು 'ಜಿಡ್ಡಿನ ಗಂಟು' ಎಂದು ಕರೆಯುವುದು ರೂಢಿ. ಒಳಗಿರುವುದು ಬಹುತೇಕ ಜಿಡ್ಡಲ್ಲ, ಉಗುರು–ಕೂದಲುಗಳಲ್ಲಿರುವ ಕೆರಾಟಿನ್. ಹಿಚುಕಿದರೆ ಸೋಂಕು ತಗಲುತ್ತದೆ.

ವೈದ್ಯರು ಗಂಟನ್ನು ಬೆರಳಲ್ಲಿ ಹಿಡಿದು ನೋಡುತ್ತಾರೆ. ಚರ್ಮದೊಡನೆ ಅದು ಸರಿದರೆ ಚರ್ಮದ್ದು. ವೃಷಣಕ್ಕೇ ಅಂಟಿದ್ದರೆ ಸ್ಕ್ಯಾನ್ ಬೇಕು, ಏಕೆಂದರೆ ವೃಷಣದ ಕ್ಯಾನ್ಸರ್ ಹೆಚ್ಚಾಗಿ ನೋವಿಲ್ಲದೆ, ಯುವಕರಲ್ಲೇ ಬರುತ್ತದೆ. ಹೂಕೋಸಿನಂತೆ ಬೆಳೆಯುವ ನರೂಲಿ, ಹುಣ್ಣು, ಕೀವು ಕಂಡರೂ ತಡಮಾಡಬಾರದು. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ ಎಂಬುದು ನೆನಪಿರಲಿ.

ಮದ್ದೇ ಮುಳುವಾಗುವುದು ಹಳೆಯ ಕಥೆ. ಶಿಶ್ನ ದೊಡ್ಡದಾಗಲೆಂದು ಶೂಕವೆಂಬ ವಸ್ತುವಿನ ಲೇಪ ಹಚ್ಚಿಕೊಂಡವರಿಗೆ ಬರುವ 18 ಬಗೆಯ ತೊಂದರೆಗಳನ್ನು ಸುಶ್ರುತ ಸಂಹಿತೆಯ ನಿದಾನಸ್ಥಾನ ಪಟ್ಟಿ ಮಾಡಿದೆ. ಇಂದು ಆ ಜಾಗದಲ್ಲಿ ಸುಡುವ ಆಮ್ಲವೋ, ಹೆಸರಿಲ್ಲದ ಮುಲಾಮೋ ಇದೆ. ಮಾಯದ ಕಲೆ ಉಳಿಯುತ್ತದೆ. ಲೈಂಗಿಕ ರೋಗ, ಲೈಂಗಿಕ ಶಕ್ತಿಯ ಔಷಧಗಳ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಮೊದಲ ಸಲದ ತಪ್ಪಿಗೇ ಆರು ತಿಂಗಳವರೆಗೆ ಸಜೆಯಾಗಬಹುದು. ಆದರೆ ಗೋಡೆಬರಹಕ್ಕೆ ಬಲ ಬರುವುದು ನಾಚಿಕೆಯಿಂದ. ಮೋಸಹೋದವನು ದೂರು ಕೊಡಲೂ ನಾಚುತ್ತಾನೆ.

ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗದ ವೈದ್ಯರಿಗೆ ಇದು ದಿನನಿತ್ಯದ ನೋಟ. ಅಲ್ಲಿ ಐದು ನಿಮಿಷ ತೋರಿಸಿಕೊಂಡರೆ, ಎಷ್ಟೋ ವೇಳೆ ಸಿಗುವ ಔಷಧಿ ಒಂದೇ ಮಾತು: 'ಏನೂ ಇಲ್ಲಪ್ಪ, ಹೋಗು.' ಆ ಮಾತಿಗೆ ಸಾವಿರಾರು ರೂಪಾಯಿ ತೆರಬೇಕಿಲ್ಲ.