ವಿಂಟೇಜ್ ಕಾರು ವಿಮೆ

ವಿಂಟೇಜ್ ಕಾರು ವಿಮೆ ಎಂದರೆ ವರ್ಷದ ಬಹುಪಾಲು ಶೆಡ್ಡಿನಲ್ಲಿಯೇ ನಿಂತಿದ್ದು, ಅಪರೂಪಕ್ಕೆ ರಸ್ತೆಗಿಳಿಯುವ ಹಳೆಯ ಕಾರುಗಳಿಗೆ ಮಾಡಿಸುವ ಮೋಟಾರು ವಿಮೆ. ನಿತ್ಯ ಬಳಕೆಯ ಕಾರು ವರ್ಷ ಕಳೆದಂತೆ ಬೆಲೆ ಕಳೆದುಕೊಳ್ಳುತ್ತದೆ. ಜತನದಿಂದ ಉಳಿಸಿಕೊಂಡ ಹಳೆಯ ಕಾರಿನ ಬೆಲೆ ಏರುವುದೂ ಉಂಟು. ಸಾಮಾನ್ಯ ಪಾಲಿಸಿಯು ಮೊದಲನೆಯದನ್ನು ಗಮನದಲ್ಲಿಟ್ಟುಕೊಂಡು ರಚಿತವಾಗಿರುವುದರಿಂದ ಎರಡನೆಯದಕ್ಕೆ ಅದು ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ತೋಟದ ಮನೆಗಳಲ್ಲಿ ತಂದೆಯ ಕಾಲದ ಅಂಬಾಸಿಡರನ್ನೋ ಪ್ರೀಮಿಯರ್ ಪದ್ಮಿನಿಯನ್ನೋ ಮಾರದೆ ಇಟ್ಟುಕೊಂಡವರಿಗೆ ಈ ವ್ಯತ್ಯಾಸವು ತಿಳಿದಿರಬೇಕಾದದ್ದು.

ವಿಂಟೇಜ್ ಎಂಬುದರ ಎರಡು ಅರ್ಥ

ಕನ್ನಡದಲ್ಲಿ ಈ ಮಾತಿಗೆ ಒಪ್ಪಿತವಾದ ಪದವಿಲ್ಲ. ‘ಪುರಾತನ’ ಎಂದರೆ ಕಾರಿಗಿಂತ ಶಾಸನವೇ ನೆನಪಾಗುತ್ತದೆ. ನಿಯಮಗಳಲ್ಲಿಯೂ ಇದಕ್ಕೆ ಒಂದೇ ಅರ್ಥವಿಲ್ಲ.

2002ರ ಇಂಡಿಯಾ ಮೋಟಾರ್ ಟ್ಯಾರಿಫ್ ಪ್ರಕಾರ 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದಿಂದ ಪ್ರಮಾಣಪತ್ರ ಪಡೆದ ಕಾರು ಮಾತ್ರ ವಿಂಟೇಜ್. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ತಂದ ತಿದ್ದುಪಡಿಯು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪವನ್ನು ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ಕರೆಯುತ್ತದೆ. ಆದ್ದರಿಂದ 1965ರಲ್ಲಿ ನೋಂದಣಿಯಾದ ಅಂಬಾಸಿಡರ್ ಸಾರಿಗೆ ಕಚೇರಿಯಲ್ಲಿ ವಿಂಟೇಜ್ ಎನಿಸಿಕೊಳ್ಳಬಹುದು, ಆದರೆ ಟ್ಯಾರಿಫ್‌ನ ಅರ್ಥದಲ್ಲಿ ಅದು ಕೇವಲ ಹಳೆಯ ಕಾರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಹೊರಬಂದ ಜಾವಾ ಬೈಕುಗಳೂ ಎರಡನೆಯ ವ್ಯಾಖ್ಯೆಯೊಳಗೆ ಬರುತ್ತವೆ.

2021ರ ನಿಯಮದಡಿ ನೋಂದಣಿಗೆ ಅರ್ಜಿ ಹಾಕುವಾಗ ವಿಮಾ ಪಾಲಿಸಿಯನ್ನು ಲಗತ್ತಿಸಲೇಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಹೊಸದಾಗಿ ನೀಡುವ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂದಿರುತ್ತದೆ. ಈಗಾಗಲೇ ನೋಂದಣಿಯಾಗಿರುವ ವಾಹನಗಳು ‘ಎಂವೈ’ಯಿಂದ ಆರಂಭವಾಗುವ ಮೈಸೂರು ರಾಜ್ಯದ ಕಾಲದ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹೀಗೆ ನೋಂದಣಿಯಾದ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇವುಗಳಿಗಷ್ಟೇ ರಸ್ತೆಗೆ ತರಬಹುದು. ಪ್ರತಿ ಭಾನುವಾರ ನಂದಿಬೆಟ್ಟದ ಕಡೆಗೆ ಹೋಗಿಬರುವ ಅಭ್ಯಾಸವುಳ್ಳವರು ಈ ನೋಂದಣಿ ಪಡೆಯುವ ಮೊದಲು ಯೋಚಿಸಬೇಕು.

ಕಡ್ಡಾಯವಾದ ಭಾಗ

1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮಿನಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಬಳಸಲು ಮೂರನೇ ವ್ಯಕ್ತಿಯ ವಿಮೆ, ಅಂದರೆ ಥರ್ಡ್ ಪಾರ್ಟಿ ವಿಮೆ, ಇರಲೇಬೇಕು. ವರ್ಷಕ್ಕೆ ಒಂದೇ ದಿನ ಓಡಿಸಿದರೂ ವಿನಾಯಿತಿಯಿಲ್ಲ. ಮೊದಲ ಅಪರಾಧಕ್ಕೆ 2,000 ರೂಪಾಯಿ ದಂಡ, ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ. ದಂಡ ಸಣ್ಣದು, ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ ನ್ಯಾಯಮಂಡಳಿ ಗೊತ್ತುಪಡಿಸುವ ಪರಿಹಾರವನ್ನು ಮಾಲೀಕನೇ ತೆರಬೇಕಾಗಿ ಬಂದರೆ ತೋಟವನ್ನೇ ಮಾರಬೇಕಾದೀತು.

2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1000ದಿಂದ 1500 ಸಿಸಿವರೆಗಿನ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಕಂತು 3,416 ರೂಪಾಯಿ. 1489 ಸಿಸಿಯ ಹಳೆಯ ಪೆಟ್ರೋಲ್ ಅಂಬಾಸಿಡರ್ ಈ ವರ್ಗಕ್ಕೆ ಸೇರುತ್ತದೆ. 1500 ಸಿಸಿ ಮೀರಿದರೆ 7,897 ರೂಪಾಯಿ. ವಿಂಟೇಜ್ ಕಾರಿಗೆ ಶೇ. 50 ರಿಯಾಯಿತಿಯುಂಟು, ಆದರೆ ಆ ಅಧಿಸೂಚನೆಯು ಹೇಳುವುದು ಟ್ಯಾರಿಫ್‌ನ ವಿಂಟೇಜ್ ಕಾರನ್ನು.

ನಿಂತ ಕಾರು ಯಾರಿಗೇನು ಮಾಡೀತು ಎಂಬ ವಾದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪು ಉತ್ತರವಾಗಿದೆ. 1987ರಲ್ಲಿ ಮಹಾರಾಷ್ಟ್ರದಲ್ಲಿ, ನೆಲಮಂಗಲ ಹೊಸಕೋಟೆಗಳ ಮೂಲಕವೂ ಹಾದುಹೋಗುವ ಅಂದಿನ ರಾಷ್ಟ್ರೀಯ ಹೆದ್ದಾರಿ 4ರಲ್ಲಿ, ಪೆಟ್ರೋಲ್ ಟ್ಯಾಂಕರೊಂದು ಲಾರಿಗೆ ಡಿಕ್ಕಿಯಾಗಿ ಉರುಳಿತು. ಗಂಟೆಗಳ ನಂತರ ಅದು ಸ್ಫೋಟಿಸಿ ಸುತ್ತ ನೆರೆದಿದ್ದವರು ಸತ್ತರು. ಚಲಿಸದೆ ಬಿದ್ದಿದ್ದರೂ ಅದು ವಾಹನದ ‘ಬಳಕೆ’ಯೇ ಎಂದು ಶಿವಾಜಿ ದಯಾನು ಪಾಟೀಲ್ ಪ್ರಕರಣದಲ್ಲಿ 1991ರಲ್ಲಿ ನ್ಯಾಯಾಲಯವು ಹೇಳಿತು. ಬೇಲಿಯೊಳಗಿನ ಸ್ವಂತ ಶೆಡ್ಡಿನ ಮಾತು ಬೇರೆ, ಮನೆಯ ಮುಂದಿನ ಬೀದಿಯಲ್ಲಿ ಹೊದಿಕೆ ಹಾಕಿ ನಿಲ್ಲಿಸಿದ ಕಾರಿನ ಮಾತು ಬೇರೆ.

ಮೌಲ್ಯದ ಪ್ರಶ್ನೆ

ಸ್ವಂತ ಹಾನಿಯ ವಿಮೆಯಲ್ಲಿ ಎಲ್ಲವೂ ನಿಂತಿರುವುದು ಐಡಿವಿ ಎಂಬ ಘೋಷಿತ ಮೌಲ್ಯದ ಮೇಲೆ. ಮಾದರಿಯ ಮಾರಾಟದ ಬೆಲೆಯಿಂದ ಸವಕಳಿಯನ್ನು ಕಳೆದು ಇದನ್ನು ಲೆಕ್ಕಹಾಕುತ್ತಾರೆ. ನಾಲ್ಕರಿಂದ ಐದನೆಯ ವರ್ಷಕ್ಕೆ ಅರ್ಧದಷ್ಟು ಕಳೆದಿರುತ್ತದೆ. ಐದು ವರ್ಷ ಮೀರಿದ ಮತ್ತು ತಯಾರಿಕೆ ನಿಂತ ಮಾದರಿಗಳಿಗೆ ಕಂಪನಿ ಹಾಗೂ ಮಾಲೀಕರು ಮಾತನಾಡಿ ಮೌಲ್ಯ ನಿಗದಿಪಡಿಸಬೇಕೆಂದು ಟ್ಯಾರಿಫ್ ಹೇಳುತ್ತದೆ. ಮಾಲೀಕರು ಮಾತನಾಡದೆ ನವೀಕರಿಸುತ್ತ ಹೋದರೆ ಮೌಲ್ಯವು ಕರಗುತ್ತ ಬರುತ್ತದೆ.

ಇದರ ಫಲ ವಿಚಿತ್ರವಾದದ್ದು. ದುರಸ್ತಿಯ ವೆಚ್ಚವು ಐಡಿವಿಯ ಶೇ. 75ನ್ನು ಮೀರಿದರೆ ವಾಹನ ಪೂರ್ಣ ನಷ್ಟವಾಯಿತೆಂದು ಪರಿಗಣಿಸುತ್ತಾರೆ. ಉದಾಹರಣೆಗೆ, ಆರು ಲಕ್ಷ ರೂಪಾಯಿ ವ್ಯಯಿಸಿ ಸಿದ್ಧಗೊಳಿಸಿದ ಕಾರಿನ ಪಾಲಿಸಿಯಲ್ಲಿ 40,000 ಎಂದಿದ್ದರೆ, 30,000 ರೂಪಾಯಿ ಮೀರಿದ ಒಂದು ಬಾನೆಟ್ಟು-ಬಂಪರಿನ ಕೆಲಸವೇ ಕಾರನ್ನು ಗುಜರಿಯ ಲೆಕ್ಕಕ್ಕೆ ತರುತ್ತದೆ. ಸಣ್ಣ ದುರಸ್ತಿಯಲ್ಲಿಯೂ ಹತ್ತು ವರ್ಷ ಮೀರಿದ ವಾಹನದ ಲೋಹದ ಬಿಡಿಭಾಗಗಳಿಗೆ, ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೆ ಶೇ. 50 ಕಡಿತವಾಗುತ್ತದೆ, ಗಾಜಿಗೆ ಮಾತ್ರ ಕಡಿತವಿಲ್ಲ.

ಇದಕ್ಕೆ ಪರಿಹಾರವೆಂದರೆ ‘ಒಪ್ಪಿತ ಮೌಲ್ಯ’ದ ಪಾಲಿಸಿ. ಪೂರ್ಣ ನಷ್ಟವಾದಾಗ ಸವಕಳಿ ಕಳೆಯದೆ, ಮೊದಲೇ ಒಪ್ಪಿದ ಮೊತ್ತವನ್ನೇ ಕೊಡುವ ಈ ಕ್ರಮವನ್ನು ಟ್ಯಾರಿಫ್ ವಿಂಟೇಜ್ ಕಾರುಗಳಿಗೆ ಮಾತ್ರ ಮೀಸಲಿಟ್ಟಿತು. ಉಳಿದ ಹಳೆಯ ಕಾರುಗಳಿಗೆ ಐಡಿವಿಯ ಮಾತುಕತೆಯೇ ದಾರಿ. ಸ್ವಂತ ಹಾನಿಯ ಕಂತಿನ ದರಗಳು 2007ರ ಜನವರಿಯಿಂದ ಮುಕ್ತವಾಗಿರುವುದರಿಂದ ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿರುತ್ತದೆ. ಮಾತುಕತೆಗೆ ಹೋಗುವಾಗ ನಾಲ್ಕೂ ಕಡೆಯ ಫೋಟೋ, ಚಾಸಿ ಮತ್ತು ಎಂಜಿನ್ ಸಂಖ್ಯೆಯ ಚಿತ್ರ, ಗ್ಯಾರೇಜಿನ ರಸೀದಿಗಳು, ಮೌಲ್ಯಮಾಪಕರ ಪತ್ರ ಜೊತೆಗಿದ್ದರೆ ಬಲ ಹೆಚ್ಚು. ತಗಡು ಬಡಿದು ಹೊಸ ಬಾಗಿಲು ಮಾಡಿಕೊಟ್ಟ ಕೆಲಸಗಾರನಿಂದಲೂ ಸಹಿ ಮಾಡಿದ ಚೀಟಿ ಪಡೆದಿರುವುದು ಒಳ್ಳೆಯದು.

ಓಡದ ಅವಧಿ

ಕಾರು ಬಳಕೆಯಲ್ಲಿಲ್ಲದೆ ಶೆಡ್ಡಿನಲ್ಲಿರುವ ಅವಧಿಗೆ ಬೆಂಕಿ ಮತ್ತು ಕಳವಿನ ಅಪಾಯಕ್ಕಷ್ಟೇ ರಕ್ಷಣೆ ಪಡೆಯಲು ಟ್ಯಾರಿಫ್‌ನಲ್ಲಿ ಅವಕಾಶವಿದೆ. ಆ ಅವಧಿಯಲ್ಲಿ ಕಾರನ್ನು ರಸ್ತೆಗೆ ತರುವಂತಿಲ್ಲ. 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಓಡಿದಷ್ಟಕ್ಕೆ ಕಂತು ಕಟ್ಟುವ ಹೆಚ್ಚುವರಿ ಸೌಲಭ್ಯಕ್ಕೂ ಅನುಮತಿ ನೀಡಿತು. ಅದು ಸ್ವಂತ ಹಾನಿಯ ಭಾಗಕ್ಕೆ ಮಾತ್ರ. ಪಾಲಿಸಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ, ಐದು ಕ್ಲೇಮ್‌ರಹಿತ ವರ್ಷಗಳಲ್ಲಿ ಶೇ. 50ರವರೆಗೆ ಬೆಳೆಯುವ ನೋ ಕ್ಲೇಮ್ ಬೋನಸ್ ಕಳೆದುಹೋಗುತ್ತದೆ. ತುಕ್ಕು, ಸವೆತ, ಯಂತ್ರದ ಕೆಡುಕು ಯಾವ ಸಾಮಾನ್ಯ ಪಾಲಿಸಿಯಲ್ಲಿಯೂ ಸೇರುವುದಿಲ್ಲ.

ಮದುವೆ ಮತ್ತು ರ‍್ಯಾಲಿ

ಖಾಸಗಿ ಕಾರಿನ ಪಾಲಿಸಿಯು ಬಾಡಿಗೆಯ ಬಳಕೆಯನ್ನು ಹೊರಗಿಡುತ್ತದೆ. ಅಲಂಕರಿಸಿದ ಹಳೆಯ ಕಾರನ್ನು ನೆಂಟರ ಮದುವೆಗೆ ಒಯ್ಯುವುದಕ್ಕೂ ಕಲ್ಯಾಣಮಂಟಪಕ್ಕೆ ಹಣ ಪಡೆದು ಕೊಡುವುದಕ್ಕೂ ಇರುವ ಅಂತರ ಅಪಘಾತವಾದ ದಿನ ಮುಖ್ಯವಾಗುತ್ತದೆ. ಸ್ಪರ್ಧೆ, ವೇಗಪರೀಕ್ಷೆ, ಸಹನಶಕ್ತಿಯ ಪರೀಕ್ಷೆಗಳೂ ಹೊರಗೇ. ನಿಧಾನವಾಗಿ ಸಾಲುಗಟ್ಟಿ ಸಾಗುವ ವಿಂಟೇಜ್ ರ‍್ಯಾಲಿಯು ಇವುಗಳ ಸಾಲಿಗೆ ಸೇರುವುದೇ ಇಲ್ಲವೇ ಎಂಬುದನ್ನು ಹೊರಡುವ ಮೊದಲೇ ಕಂಪನಿಯಿಂದ ಬರಹದಲ್ಲಿ ಪಡೆಯುವುದು ವಾಡಿಕೆಯಾಗಬೇಕು.