ದೇವಾಲಯದ ಛಾವಣಿಯಲ್ಲಿ ನಕ್ಷತ್ರಶಾಲೆ: ಫಾದರ್ ಆಂಜೆಲೊ ಸೆಕ್ಕಿ

1868ರ ಆಗಸ್ಟ್ 18ರಂದು ನಮ್ಮ ನಾಡಿನ ಜಮಖಂಡಿಯಲ್ಲಿ ಪೂರ್ಣ ಸೂರ್ಯಗ್ರಹಣ. ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅಲ್ಲಿ ರೋಹಿತದರ್ಶಕವನ್ನು ಸೂರ್ಯನತ್ತ ತಿರುಗಿಸಿದರು. ಸೂರ್ಯನ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು ಅನಿಲರೂಪದವೆಂಬುದು ಆ ಗ್ರಹಣದಿಂದ ಖಚಿತವಾಯಿತು. ಅವು ಚಂದ್ರನವಲ್ಲ, ಸೂರ್ಯನವೇ ಎಂಬುದನ್ನು ಎಂಟು ವರ್ಷ ಮೊದಲೇ, 1860ರಲ್ಲಿ, ಸ್ಪೇನಿನಲ್ಲಿ ತೆಗೆದ ಗ್ರಹಣದ ಛಾಯಾಚಿತ್ರಗಳ ಮೂಲಕ ತೋರಿಸಲು ನೆರವಾದವರು ಒಬ್ಬ ಕಥೋಲಿಕ ಗುರು. ಅವರೇ ಯೇಸುಸಭೆಯ ವಂದನೀಯ ಆಂಜೆಲೊ ಸೆಕ್ಕಿ.

ಇಟಲಿಯ ರೆಜ್ಜೊ ಎಮಿಲಿಯಾದಲ್ಲಿ 1818ರಲ್ಲಿ ಜನಿಸಿದ ಸೆಕ್ಕಿ 1833ರಲ್ಲಿ ಯೇಸುಸಭೆಯನ್ನು ಸೇರಿ, 1847ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷವೇ ರೋಮಿನ ಕ್ರಾಂತಿಯಿಂದಾಗಿ ದೇಶ ಬಿಡಬೇಕಾಯಿತು. ಇಂಗ್ಲೆಂಡಿನ ಸ್ಟೋನಿಹರ್ಸ್ಟ್ ಮತ್ತು ಅಮೆರಿಕದ ಜಾರ್ಜ್‌ಟೌನ್‌ಗಳಲ್ಲಿದ್ದು, 1849ರಲ್ಲಿ ಹಿಂದಿರುಗಿ ರೋಮನ್ ಕಾಲೇಜಿನ ವೀಕ್ಷಣಾಲಯದ ನಿರ್ದೇಶಕರಾದರು.

ಪಕ್ಕದ ಸಂತ ಇಗ್ನೇಷಿಯಸರ ದೇವಾಲಯಕ್ಕೆ ಗುಮ್ಮಟ ಕಟ್ಟಿಯೇ ಇರಲಿಲ್ಲ. ಒಳಗಿನಿಂದ ನೋಡುವವರಿಗೆ ಗುಮ್ಮಟದ ಚಿತ್ರ ಮಾತ್ರವಿತ್ತು. ಅದರ ಭಾರ ಹೊರಲೆಂದು ಎದ್ದಿದ್ದ ಬಲವಾದ ಕಂಬಗಳ ಮೇಲೆ ಸೆಕ್ಕಿ ತಮ್ಮ ವೀಕ್ಷಣಾಲಯವನ್ನು ನಿಲ್ಲಿಸಿದರು. ಅಲ್ಲಿಂದ ಸುಮಾರು 4,000 ನಕ್ಷತ್ರಗಳ ಬೆಳಕನ್ನು ಪರೀಕ್ಷಿಸಿ, ಅವುಗಳನ್ನು ರೋಹಿತಕ್ಕನುಗುಣವಾಗಿ ವರ್ಗಗಳಾಗಿ ವಿಂಗಡಿಸಿದರು. ನಕ್ಷತ್ರದ ಸ್ಥಾನವನ್ನಷ್ಟೇ ಅಳೆಯುತ್ತಿದ್ದ ಶಾಸ್ತ್ರವು ಅದರ ಸ್ವಭಾವವನ್ನೂ ಕೇಳತೊಡಗಿತು.

1870ರಲ್ಲಿ ಇಟಲಿಯ ಸೈನ್ಯ ರೋಮನ್ನು ವಶಪಡಿಸಿಕೊಂಡಿತು. ಹೊಸ ಸರ್ಕಾರ ಮುಂದೊಡ್ಡಿದ ಪದವಿಗಳಿಗೆ ಸೆಕ್ಕಿ ಮನಸೋಲಲಿಲ್ಲ. ಜಗದ್ಗುರುಗಳಿಗೂ ತಮ್ಮ ಸಭೆಗೂ ನಿಷ್ಠರಾಗಿ ಉಳಿದರು. ಅವರ ಕೀರ್ತಿಯನ್ನು ಗೌರವಿಸಿದ ಸರ್ಕಾರ, ಅವರು ಬದುಕಿರುವವರೆಗೂ ವೀಕ್ಷಣಾಲಯವನ್ನು ಅವರಿಂದ ಕಿತ್ತುಕೊಳ್ಳಲಿಲ್ಲ. 1878ರ ಫೆಬ್ರವರಿ 26ರಂದು ಅವರು ನಿಧನರಾದರು. ಮರುವರ್ಷವೇ ಅದು ಸರ್ಕಾರದ ಸ್ವತ್ತಾಯಿತು.

ಅವರ ಹೆಸರು ಮಾತ್ರ ಅಳಿಯಲಿಲ್ಲ. 2006ರಲ್ಲಿ ಸೂರ್ಯನ ಅಧ್ಯಯನಕ್ಕೆ ಹಾರಿದ ನಾಸಾದ ಸ್ಟೀರಿಯೋ ನೌಕೆಗಳ ಉಪಕರಣಗಳಿಗೆ 'ಸೆಕ್ಕಿ' ಎಂದೇ ಹೆಸರು. 1865ರಲ್ಲಿ ಜಗದ್ಗುರುಗಳ ಹಡಗಿನಿಂದ ಅವರು ಸಮುದ್ರಕ್ಕಿಳಿಸಿದ ಬಿಳಿ ಬಿಲ್ಲೆಯಂತೂ ಇಂದಿಗೂ ಬಳಕೆಯಲ್ಲಿದೆ. ಹಗ್ಗಕ್ಕೆ ಕಟ್ಟಿ ಇಳಿಸಿದ ಬಿಲ್ಲೆ ಎಷ್ಟು ಆಳದಲ್ಲಿ ಕಣ್ಮರೆಯಾಗುವುದೋ ಅದೇ ನೀರಿನ ತಿಳಿತನದ ಅಳತೆ. ಕೊಡಂಬಲದ ಶಾಲಾಮಕ್ಕಳೂ ಗುರುಗಳ ಜೊತೆಗೂಡಿ ಊರಿನ ನೀರನ್ನು ಹೀಗೆ ಪರೀಕ್ಷಿಸಬಹುದು.

ವಿಜ್ಞಾನ ಓದಿದರೆ ವಿಶ್ವಾಸ ಕುಂದೀತೆಂದು ಅಂಜುವ ತಂದೆತಾಯಿಗಳು ನಮ್ಮಲ್ಲಿ ಇದ್ದಾರೆ. ಬಲಿಪೂಜೆಯ ಪೀಠದ ಮೇಲ್ಗಡೆಯೇ ದೂರದರ್ಶಕವನ್ನಿಟ್ಟ ಈ ಗುರುವಿನ ಬಾಳನ್ನು ಅವರು ಮಕ್ಕಳಿಗೆ ಓದಿ ಹೇಳಲಿ.